ಕುಲುಮೆ ಆರಿದ ಊರಿನಲ್ಲಿ

ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೆ ಇಂದು ಭೇಟಿ ಕೊಡುವವರು ಅದನ್ನು ಉಕ್ಕಿನ ಊರೆಂದು ಗುರುತಿಸುವುದೇ ಕಷ್ಟ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು ಇಲ್ಲಿಯೇ. ಕೆಲ್ಹಮ್ ಐಲೆಂಡಿನ ಹಳೆಯ ಕಾರ್ಖಾನೆಗಳು ಈಗ ಮನೆಗಳೂ ಹೋಟೆಲುಗಳೂ ಆಗಿವೆ. ಕೈಗಾರಿಕಾ ವಸ್ತುಸಂಗ್ರಹಾಲಯವೂ ಅಲ್ಲಿದೆ. ಪ್ರವಾಸಿಗಳಿಗೆ ತೋರಿಸುವ ಪುನರುಜ್ಜೀವನ ಇದು. ಪಕ್ಕದಲ್ಲೇ ಹರಿಯುವ ಡಾನ್ ನದಿಯ ದಂಡೆ ಹೇಳುವ ಕಥೆ ಇನ್ನೂ ಸ್ವಾರಸ್ಯವಾದುದು.

ಆ ದಂಡೆಯಲ್ಲಿ ಅಂಜೂರದ ಮರಗಳಿವೆ. ಮಲೆನಾಡಿನ ಹಳ್ಳದಂಚಿನ ಅತ್ತಿಯ ಕುಲಕ್ಕೇ ಸೇರಿದ ಈ ಮರ ಅಷ್ಟು ಚಳಿಯ ನಾಡಿನಲ್ಲಿ ತಾನಾಗಿಯೇ ಬೀಜದಿಂದ ಹುಟ್ಟಿ ಬೆಳೆಯುವುದು ಅಪರೂಪ. ಶೆಫೀಲ್ಡ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಆಲಿವರ್ ಗಿಲ್ಬರ್ಟ್ ಇದಕ್ಕೆ ಕಾರಣ ಹುಡುಕಿದರು. ಉಕ್ಕನ್ನು ತಣಿಸಿ ಹೊರಬಿಟ್ಟ ನೀರಿನಿಂದ ನದಿಯು ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುತ್ತಿತ್ತು. ಜನರು ತಿಂದ ಹಣ್ಣಿನ ಬೀಜಗಳು ಚರಂಡಿಯ ಮೂಲಕ ನದಿ ಸೇರಿ ಅಲ್ಲಿ ಮೊಳೆತವು. ಮಾಲಿನ್ಯವೇ ನೆಟ್ಟ ತೋಪು!

1980ರ ದಶಕದಲ್ಲಿ ಕುಲುಮೆಗಳು ಆರುತ್ತ ಬಂದವು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ನದಿ ತಿಳಿಯಾದುದರಲ್ಲಿ ಒಂದು ಪಾಲು ಈ ಕುಟುಂಬಗಳ ಬವಣೆಯಿಂದ ಬಂದದ್ದೆಂಬುದನ್ನು ಪರಿಸರಪ್ರಿಯರು ಮರೆಯುವಂತಿಲ್ಲ. ಉಳಿದುದು ತಾಳ್ಮೆಯ ದುಡಿಮೆಯ ಫಲ: ಕೊಳಚೆ ನೀರನ್ನು ಶುದ್ಧೀಕರಿಸಲಾಯಿತು, ನೀರಿನ ಚಕ್ರಗಳಿಗಾಗಿ ಶತಮಾನಗಳ ಹಿಂದೆ ಕಟ್ಟಿದ್ದ ಒಡ್ಡುಗಳ ಬದಿಯಲ್ಲಿ ಮೀನುಗಳು ಏರಿಬರಲು ಮೆಟ್ಟಿಲುಗಳನ್ನು ಒಂದೊಂದಾಗಿ ನಿರ್ಮಿಸಲಾಯಿತು. ಸುಮಾರು ಎರಡು ಶತಮಾನಗಳ ಬಳಿಕ, 2019ರಲ್ಲಿ, ಸಾಲ್ಮನ್ ಮೀನು ನಗರದೊಳಗೆ ಮತ್ತೆ ಕಾಣಿಸಿತು.

ಇಷ್ಟೆಲ್ಲ ಕಂಡ ಊರಿನ ನಗರಸಭೆಯೇ 2012ರಲ್ಲಿ ರಸ್ತೆಗಳ ನಿರ್ವಹಣೆಯನ್ನು 25 ವರ್ಷಗಳ ಖಾಸಗಿ ಗುತ್ತಿಗೆಗೆ ಒಪ್ಪಿಸಿ ಬೀದಿಬದಿಯ ಮರಗಳಿಗೆ ಕೊಡಲಿ ಹಾಕಿಸಿತು. ಅವುಗಳಲ್ಲಿ ಆರೋಗ್ಯವಾಗಿದ್ದ ಮರಗಳೂ ಬಹಳ. 2016ರ ನವೆಂಬರಿನ ಒಂದು ನಸುಕಿನಲ್ಲಿ, ಪೊಲೀಸರ ಕಾವಲಿನಲ್ಲಿ, ರಸ್ಲಿಂಗ್ಸ್ ರಸ್ತೆಯ ಎಂಟು ಮರಗಳು ಉರುಳಿದವು. ಅಡ್ಡ ನಿಂತವರಲ್ಲಿ ಎಪ್ಪತ್ತರ ಆಸುಪಾಸಿನ ಇಬ್ಬರು ಮಹಿಳೆಯರನ್ನೂ ಬಂಧಿಸಲಾಯಿತು. ನಿವಾಸಿಗಳು ಹಿಂದೆ ಸರಿಯಲಿಲ್ಲ. ಮರಗಳ ಬುಡದಲ್ಲಿ ನಿಂತೇ ಇದ್ದರು. 2018ರಲ್ಲಿ ಕಡಿತ ನಿಂತಿತು. ನಗರಸಭೆಯು ಜನರನ್ನೂ ನ್ಯಾಯಾಲಯವನ್ನೂ ದಾರಿ ತಪ್ಪಿಸಿತ್ತೆಂದು ಸರ್ ಮಾರ್ಕ್ ಲೋಕಾಕ್ ಅವರ ವಿಚಾರಣಾ ವರದಿ 2023ರಲ್ಲಿ ಹೇಳಿತು. ಅದೇ ವರ್ಷ ನಗರಸಭೆ ಕ್ಷಮೆ ಯಾಚಿಸಿತು. ಅಷ್ಟರಲ್ಲಿ 5,000ಕ್ಕೂ ಹೆಚ್ಚು ಮರಗಳು ಹೋಗಿದ್ದವು.