ಮೆತ್ತನೆಯ ಚಪ್ಪಲಿ ಎಲ್ಲಿಗೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮೂಡಿಗೆರೆ, ಕಳಸದ ಆಸುಪಾಸಿನಲ್ಲಿ ಕಾಫಿ ತೋಟದ ಯಜಮಾನರು. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ತರಗತಿಯಲ್ಲಿ ನಾನು ಗದರಿದ್ದನ್ನು ಸಹಿಸಿದವರು ಇದನ್ನೂ ಸಹಿಸಿಕೊಳ್ಳಬೇಕು.

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ನನ್ನ ಹಿಮ್ಮಡಿಗಳು ಈಗ ಫೋಮ್ ಚಪ್ಪಲಿಯಿಲ್ಲದೆ ಅಡುಗೆಮನೆಯ ನೆಲ ತುಳಿಯಲೊಪ್ಪವು. ಸೊಸೆ ತಂದುಕೊಟ್ಟ ಆ ಜೋಡಿಯನ್ನು ಹೊಗಳಲು ನನಗೆ ಸಂಕೋಚವಿಲ್ಲ. ಅದರ ಸುಖಕ್ಕೆ ಮನಸೋತು, ಒಂದು ದೀಪಾವಳಿಗೆ ನಮ್ಮ ಪುಟ್ಟ ತೋಟದ ಹೆಣ್ಣಾಳುಗಳಿಗೆಲ್ಲ ಅಂಥದನ್ನೇ ಹಂಚಿದೆ. ಮುಂದಿನ ಆಷಾಢದಲ್ಲಿ ಅವರಲ್ಲೊಬ್ಬಳು ಸಸಿಗಳ ಬುಟ್ಟಿ ಹೊತ್ತು ಪಾಚಿಗಟ್ಟಿದ ಮೆಟ್ಟಿಲಿಳಿಯುವಾಗ ಜಾರಿ ಮುಂಗೈ ಮುರಿದುಕೊಂಡಳು. “ಚಪ್ಪಲಿದು ತಪ್ಪಲ್ಲ ಅಮ್ಮ, ನಾನೇ ನೋಡಿ ಕಾಲಿಡಲಿಲ್ಲ” ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಫೋಮ್ ಎಂದರೆ ಗಾಳಿಗುಳ್ಳೆ ತುಂಬಿದ ಹಗುರ ಪದಾರ್ಥ. ಗುಳ್ಳೆಗಳು ಕುಸಿಯುವುದರಿಂದಲೇ ಪಾದಕ್ಕೆ ಹಿತ. ಆ ಮೆದುತನದಿಂದಲೇ ಅದು ಬೇಗ ಸವೆದು ನುಣುಪಾಗುತ್ತದೆ, ಮುಳ್ಳು ಸಲೀಸಾಗಿ ತೂರುತ್ತದೆ. ಕೆಸರಿನಲ್ಲಿ ಚಪ್ಪಲಿ ಒಂದೆಡೆ, ಕಾಲು ಒಂದೆಡೆ. ಇಂಬಳಗಳಿಗಂತೂ ಹಬ್ಬ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಎಂ.ಸಿ.ಆರ್. ಚಪ್ಪಲಿ ರೂಪಿಸಿದವರಿಗೆ ಇದು ತಿಳಿದಿತ್ತು: ಮೇಲೆ ಮೆದು ರಬ್ಬರು, ಅಡಿಯಲ್ಲಿ ಮುಳ್ಳು ತೂರದ ಗಟ್ಟಿ ಅಟ್ಟೆ. ನಾವು ಮೇಲಿನ ಅರ್ಧವನ್ನಷ್ಟೇ ಕೊಟ್ಟು ಉದಾರಿಗಳೆನಿಸಿಕೊಂಡೆವು.

1951ರ ತೋಟ ಕಾರ್ಮಿಕರ ಕಾಯಿದೆಯ 17ನೇ ಕಲಮು ಮಳೆ-ಚಳಿಯ ರಕ್ಷಣೆಗೆಂದು ಕೊಡೆ, ಕಂಬಳಿ, ರೈನ್‌ಕೋಟುಗಳನ್ನು ಹೆಸರಿಸಿತ್ತು. ಪಾದರಕ್ಷೆಯ ಹೆಸರಿರಲಿಲ್ಲ, ‘ಅಂಥ ಇತರ ಸೌಲಭ್ಯ’ ಎಂಬಲ್ಲಿ ಅದನ್ನೂ ಓದಿಕೊಳ್ಳಬಹುದಿತ್ತು, ಓದುವ ಮನಸ್ಸಿದ್ದರೆ. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಕಾಯಿದೆ ಯಾವುದಾದರೂ ಇರಲಿ, ಧರೆ ಇಳಿಯುವ ಕಾಲು ಅವಳದೇ.

“ಹೆಂಗಸರು ಬೂಟು ಹಾಕೋದಿಲ್ಲ, ಮೇಡಂ” ಎಂದು ನಿಮ್ಮಲ್ಲೊಬ್ಬ ನನಗೇ ಹೇಳಿದ. ಯಾವ ಬೂಟು ಕೊಟ್ಟೆಯಪ್ಪ? ಔಷಧಿ ಹೊಡೆಯುವ ಗಂಡಾಳಿಗೆಂದು ತಂದ ಎಂಟು ನಂಬರಿನದನ್ನು ನಾಲ್ಕು ನಂಬರಿನ ಪಾದದ ಮುಂದಿಟ್ಟು, ಬೇಡವೆಂದಳು ಎಂದರೆ ಅದು ಯಾವ ನ್ಯಾಯ? ನೀನು ಮಾತ್ರ ಜೀಪಿನಿಂದ ಇಳಿಯುವುದು ಮೊಣಕಾಲವರೆಗಿನ ಗಮ್‌ಬೂಟಿನಲ್ಲಿ.

ನಮ್ಮ ಜಗುಲಿಯಲ್ಲಿ ನಾಲ್ಕು, ಐದು ನಂಬರಿನ ಮೂರು ಜೋಡಿ ಗಮ್‌ಬೂಟುಗಳಿವೆ. ಒಂದು ಜೋಡಿ ಆ ಮುಂಗೈ ಮುರಿದವಳದು, ದಿನವೂ ಹಾಕುತ್ತಾಳೆ. ಅಳತೆ ನೋಡಬೇಕೆನ್ನುವವರು ಜೂನ್ ತಿಂಗಳಿಗೆ ಮುಂಚೆ ಬನ್ನಿ, ಕಾಫಿ ಕುಡಿದು ಹೋಗುವಿರಂತೆ.