ಕರಿ ಬಿದ್ರಿಗೆ ಹುಣಸೆಹಣ್ಣು ಹಾಕ್ಬೇಡಿ

ಹೋದ ವಾರ ಹಲಸೂರಲ್ಲಿ ನಮ್ಮ ಓರಗಿತ್ತಿ ಮನೆ ಅಟ್ಟ ಗುಡಿಸ್ತಾ ಇದ್ವಿ. ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ನಮ್ಮತ್ತೆಯ ಎಲೆಅಡಿಕೆ ಡಬ್ಬಿ ಸಿಕ್ತು. ಬಿದ್ರಿ ಕೆಲಸದ್ದು. ಓರಗಿತ್ತಿ ಮಗಳು ಎತ್ತಿ ನೋಡಿ, "ಚಿಕ್ಕಮ್ಮಾ, ಕರ್ರಗೆ ಹಿಡಿದಿದೆ, ಹಳೇ ಪಾತ್ರೆ ಜೊತೆ ತೂಕಕ್ಕೆ ಹಾಕಿಬಿಡೋಣ" ಅಂದ್ಳು. ನಂಗೆ ಎದೆ ಧಸಕ್ ಅಂತು.

ಅವಳನ್ನ ಬೈಯೋಕೆ ನಂಗೆ ಬಾಯಿಲ್ಲ ಕಣ್ರೀ. ಆ ಮುಚ್ಚಳದ ಒಂದು ಮೂಲೆ ಬೂದಿ ಬಣ್ಣಕ್ಕೆ ತಿರುಗಿದೆ. ಅದು ನನ್ನ ಕೈಕೆಲಸ. ಮದುವೆಯಾದ ಹೊಸದರಲ್ಲಿ ಶುಕ್ರವಾರ ಹಿತ್ತಾಳೆ ದೀಪದ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದ್ದೆ. ಅತ್ತೆ ಏನೂ ಅನ್ನಲಿಲ್ಲ, ಡಬ್ಬಿ ಒಳಗಿಟ್ಟುಬಿಟ್ರು.

ಆಮೇಲೆ ತಿಳಕೊಂಡೆ. ಬಿದ್ರಿಯಲ್ಲಿ ಆ ಕಪ್ಪೇ ಕೊಳೆಯಲ್ಲ, ಅದೇ ಚೆಂದ. ಬಹುಮನಿ ಸುಲ್ತಾನರ ಕಾಲದಿಂದ ಬೀದರಲ್ಲಿ ನಡೆದುಬಂದಿರೋ ಕೆಲಸ ಇದು. ಹುಕ್ಕಾ ಬುಡ, ಹೂಜಿ, ಪಾನ್‌ದಾನ್ ಎಲ್ಲಾ ನವಾಬರ ಮನೆಗೆ ಹೋಗ್ತಿತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ತಾರೆ. ಉಳಿಯಲ್ಲಿ ಗೀರು ತೆಗೆದು ಬೆಳ್ಳಿ ತಂತಿ ಕೂರಿಸ್ತಾರೆ. ಕೊನೆಗೆ ಬೀದರ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದ್ರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತೆ. ಆ ಮಣ್ಣನ್ನ ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸ್ತಾರಂತೆ! ಅಂಥಾ ಕೈಗೆ ತೂಕದ ಲೆಕ್ಕ ಹಾಕೋದಾ? ತಕ್ಕಡಿಯಲ್ಲಿ ಇಟ್ರೆ ಬರೀ ಸತುವಿನ ದುಡ್ಡು ಬರುತ್ತೆ, ಕೆಲಸದ್ದು ಬರಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿದ್ದೂ ಇದೇ ಕೆಲಸಕ್ಕೆ.

ಇನ್ನೊಂದು ಮಾತು. ಗೃಹಪ್ರವೇಶ, ಸೀಮಂತ ಅಂದ್ರೆ ನಾವೆಲ್ಲಾ ಶಿವಾಜಿನಗರಕ್ಕೆ ಓಡಿ ಜರ್ಮನ್ ಸಿಲ್ವರ್ ತಟ್ಟೆ ಡಜನ್‌ಗಟ್ಟಲೆ ತರ್ತೀವಿ. ಅದರಲ್ಲಿ ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ. ಒಂದು ವರ್ಷಕ್ಕೆ ಬೀರು ಮೂಲೆ ಸೇರುತ್ತೆ. ಎಲ್ಲರಿಗೂ ಬಿದ್ರಿ ಕೊಡೋಕಾಗಲ್ಲ, ಬೆಲೆ ಜಾಸ್ತೀನೇ, ಒಪ್ಪಿದೆ. ಆದ್ರೆ ಮನೆ ಮಗಳಿಗೆ, ಸೊಸೆಗೆ ಒಂದು ಪುಟ್ಟ ಡಬ್ಬಿ ಕೊಡಿ. ಎಂ.ಜಿ. ರಸ್ತೆಯ ಕಾವೇರಿಯಲ್ಲೇ ಸಿಗುತ್ತೆ.

ಮನೇಲಿ ಇದ್ರೆ ಒಣ ಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿಎಣ್ಣೆ ಸವರಿ, ಸಾಕು. ಹುಳಿ, ಉಪ್ಪಿನಕಾಯಿ ಹತ್ತಿರಾನೂ ಬೇಡ.

ಡಬ್ಬಿ ಈಗ ಓರಗಿತ್ತಿ ಮಗಳ ಹತ್ರಾನೇ ಇದೆ, ಓಲೆ ಜುಮುಕಿ ಇಟ್ಕೊಂಡಿದ್ದಾಳೆ. ಬೂದಿ ಮೂಲೆ ಯಾಕೆ ಅಂತ ಕೇಳಿದ್ಳು. ಹೇಳ್ದೆ.