ಕಸದ ಗುಡ್ಡೆಯ ಕೆಳಗಿನ ನೀರು

ಬೆಂಗಳೂರಿನ ಹೊರವಲಯದ ಮಾವಳ್ಳಿಪುರದಲ್ಲಿ ಕಸ ಸುರಿಯುವ ತಾಣವನ್ನು ಊರವರ ಪ್ರತಿಭಟನೆಯ ನಂತರ 2012ರಲ್ಲಿ ಮುಚ್ಚಲಾಯಿತು. ಗೇಟು ಹಾಕಿದ ಮಾತ್ರಕ್ಕೆ ಮಳೆ ನಿಲ್ಲುವುದಿಲ್ಲವಲ್ಲ! ಕೊಳೆತ ಕಸದೊಳಗೆ ಇಳಿದ ಮಳೆನೀರು ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿ ತಳ ಸೇರುತ್ತದೆ. ಇದರ ಹೆಸರು ಲೀಚೇಟ್.

ಇದು ಹಳ್ಳಕ್ಕೆ ಬಿದ್ದರೆ ಬಣ್ಣ, ವಾಸನೆಯಿಂದಲೇ ಗೊತ್ತಾಗುತ್ತದೆ. ಅಂತರ್ಜಲದ ವಿಷಯ ಹಾಗಲ್ಲ. ಬಣ್ಣವನ್ನೂ ಹಲವು ಲೋಹಗಳನ್ನೂ ಮಣ್ಣು ಹಿಡಿದಿಟ್ಟುಕೊಳ್ಳುವುದರಿಂದ ಕೊಳವೆಬಾವಿಯ ನೀರು ತಿಳಿಯಾಗಿಯೇ ಬರಬಹುದು. ಕ್ಲೋರೈಡ್ ಮಾತ್ರ ಮಣ್ಣಿಗೆ ಅಂಟದೆ ನೀರಿನೊಡನೆ ಸಾಗುತ್ತದೆ. ಪರೀಕ್ಷೆಯಲ್ಲಿ ಅದು ಒಳ್ಳೆಯ ಸುಳಿವು.

ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ. ಒಂದೇ ಬಾವಿಯ ಅಂಕಿ ಸಾಲದು. ಅಂತರ್ಜಲ ಹರಿದುಬರುವ ದಿಕ್ಕಿನಲ್ಲಿ, ಗುಡ್ಡೆಗಿಂತ ಮೇಲೆ ಒಂದು ಬಾವಿ, ಗುಡ್ಡೆ ದಾಟಿದ ಮೇಲೆ ಎರಡು ಮೂರು ಬಾವಿಗಳ ನೀರನ್ನು ಮಳೆಗಾಲದ ಮುಂಚೆ, ನಂತರ ಪರೀಕ್ಷಿಸಬೇಕು. ಮೇಲಿನದರಲ್ಲಿ 60, ಕೆಳಗಿನದರಲ್ಲಿ 200 ಬಂತೆನ್ನಿ. ಎರಡೂ ಮಿತಿಯೊಳಗೇ ಇವೆ, ವರದಿಯಲ್ಲಿ 'ಯೋಗ್ಯ' ಎಂದೇ ಇರುತ್ತದೆ. ಆದರೆ ನಡುವೆ ಚರಂಡಿ, ಕೊಟ್ಟಿಗೆ ಯಾವುದೂ ಇಲ್ಲದಿದ್ದರೆ ಲೀಚೇಟ್ ಬಾವಿ ಮುಟ್ಟಿದೆಯೆಂದೇ ಅನುಮಾನಿಸಬೇಕು.

ನೈಟ್ರೇಟನ್ನೂ ಅಳೆಯಬೇಕು. ಮಿತಿ 45 ಮಿಲಿಗ್ರಾಂ. ಎಳೆಗೂಸುಗಳಿಗೆ ಹಾಲಿನ ಪುಡಿ ಕಲಸುವ ತಾಯಂದಿರು ನೀರನ್ನು ಕುದಿಸುತ್ತಾರೆ. ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅದು ದಟ್ಟವಾಗುತ್ತದೆ.